ಮೀನು ಎಂದಿದ್ದರೆ ಸಾಕಿತ್ತು

ನಮ್ಮೂರ ಹೋಟೆಲ್ಲಿನ ಗೋಡೆಯ ಮೇಲೆ ನಮ್ಮ ಕೇರಿಯ ಹುಡುಗಿಯ ಫೋಟೋ ಅಂಟಿಸಿದ್ದಾರೆ. ಪೇಪರಿನಲ್ಲಿ ಬಂದದ್ದು. ಗಲ್ಲಾದ ಹಿಂದೆ, ದೇವರ ಪಟಗಳ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ.

ಸಂತೋಷಪಡಬೇಡಿ. ಆ ಹೋಟೆಲ್ಲಿನ ಒಳಗೆ ಅವಳಿಗೆ ಪ್ರವೇಶವಿಲ್ಲ. ಅವಳ ಫೋಟೋಕ್ಕೆ ಇದೆ.

ಊರಿನ ಹೆಸರು ಬರೆಯುವುದಿಲ್ಲ. ದೇವದುರ್ಗ ತಾಲ್ಲೂಕು ಎಂದಷ್ಟೇ ತಿಳಿದುಕೊಳ್ಳಿ. (ಬರೆದ ಮೇಲೆ ಕೇರಿಗೆ ನೀರು ನಿಂತರೆ ನಾನು ರಾಯಚೂರಿನಿಂದ ಕೊಡ ಹೊತ್ತು ಹೋಗಲಾರೆ.)

ಫೋಟೋದಲ್ಲಿ ಇರುವುದು ಇಷ್ಟು. ಕಾರವಾರದ ಸಮುದ್ರದ ದಂಡೆ. ಮರಳಿನ ಮೇಲೆ ಸತ್ತು ಬಿದ್ದ ಒಂದು ಡಾಲ್ಫಿನ್, ಎತ್ತಿಗಿಂತ ಉದ್ದ. ಅದರ ಪಕ್ಕದಲ್ಲಿ ಅಂಗಿಯ ತೋಳು ಮಡಚಿ, ಕೈಯಲ್ಲಿ ಚಾಕು ಹಿಡಿದು ಕುಳಿತವಳು ನಮ್ಮ ಹುಲಿಗೆಮ್ಮ. ಕ್ಯಾಮೆರಾ ಕಡೆ ನೋಡುತ್ತಿಲ್ಲ. ಪ್ರಾಣಿಯ ಹೊಟ್ಟೆಯ ಕಡೆ ನೋಡುತ್ತಿದ್ದಾಳೆ. ಸಮುದ್ರದ ಜೀವಿಗಳು ಏನು ತಿಂದು ಬದುಕುತ್ತವೆ ಎನ್ನುವುದು ಅವಳ ಸಂಶೋಧನೆಯ ವಿಷಯ. ಮರೀನ್ ಬಯಾಲಜಿ.

ನಮ್ಮ ಕೇರಿಯ ಮೊದಲ ಎಂ.ಎಸ್ಸಿ. ನಾನು, ಗಣಿತದಲ್ಲಿ; ಈಗ ರಾಯಚೂರಿನ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಎರಡನೆಯವಳು ಹುಲಿಗೆಮ್ಮ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಪದವಿ ಬಂದ ದಾರಿ ಗೊತ್ತಿದ್ದವರು ನನ್ನನ್ನು ಜಂಭಗಾರ ಎನ್ನುವುದಿಲ್ಲ. ಗೊತ್ತಿಲ್ಲದವರು ಎಂದುಕೊಳ್ಳಲಿ.

ರಾಯಚೂರು ಜಿಲ್ಲೆಯ ಹುಡುಗಿಗೆ ಸಮುದ್ರ ಯಾಕೆ? ನಾನೂ ಕೇಳಿದ್ದೆ. ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿದ ನಮಗೆ ಸಮುದ್ರ ಎಂದರೆ ನಕ್ಷೆಯ ಅಂಚಿನ ನೀಲಿ ಬಣ್ಣ, ಅಷ್ಟೇ. ಅವಳು ಕೊಟ್ಟ ಉತ್ತರ ಇದು: "ಕಾಕಾ, ಅಲ್ಲಿ ನೀರಿನ ದಂಡ್ಯಾಗ ನಿಂತು ಮುಟ್ಟಬ್ಯಾಡ ಅನ್ನೋರು ಯಾರೂ ಇಲ್ಲಂತ."



ಈಗ ಹಗ್ಗದ ವಿಷಯ ಹೇಳಬೇಕು. ಊರಲ್ಲಿ ದನ ಸತ್ತರೆ ಎಳೆದುಕೊಂಡು ಹೋಗುವುದು, ಕೊಯ್ಯುವುದು, ಹೊರುವುದು ನಮ್ಮ ಹಿರಿಯರ ಪಾಲಿಗೆ ಬಂದ ಕೆಲಸ. ದೊಡ್ಡ ಬರ ಬಿತ್ತಲ್ಲ, ಆ ವರ್ಷ ಊರಿನ ದನಗಳು ಸಾಲುಸಾಲಾಗಿ ಸತ್ತವು. ಎಳೆದೂ ಎಳೆದೂ ಸಾಕಾಗಿ, ಕಾರಹುಣ್ಣಿಮೆಯ ಮರುದಿನ, ಹುಲಿಗೆಮ್ಮನ ಅಪ್ಪ ಭೀಮಪ್ಪ ತನ್ನ ಎಳೆಯುವ ಹಗ್ಗ ತಂದು ಕೇರಿಯ ಕಟ್ಟೆಯ ಮುಂದೆ ಬೆಂಕಿಗೆ ಹಾಕಿದ. ನೋಡುನೋಡುತ್ತಲೇ ಮನೆಮನೆಯ ಹಗ್ಗವೂ ಬಂತು. "ಸತ್ತದ್ದು ಎಳಿಯಂಗಿಲ್ಲ, ಕೊಯ್ಯಂಗಿಲ್ಲ, ಹೊರಂಗಿಲ್ಲ" ಎಂದು ಎಲ್ಲರೂ ಆಣೆ ಮಾಡಿದರು.

ಊರು ಸುಮ್ಮನಿರುತ್ತದೆಯೇ? ಕೂಲಿ ನಿಂತಿತು. ಕಿರಾಣಿ ನಿಂತಿತು. ಬಾವಿ ಮೊದಲೇ ನಮ್ಮದಲ್ಲ, ಈಗ ನೀರು ಸೇದಿ ಹಾಕುವವರೂ ಇಲ್ಲವಾದರು. ಆ ಬಹಿಷ್ಕಾರದಲ್ಲಿ ಕೇರಿ ಕಳೆದುಕೊಂಡದ್ದರಲ್ಲಿ ಒಂದು ಮಗುವೂ ಇತ್ತು. ಭೀಮಪ್ಪನ ಮಗ. ಹುಲಿಗೆಮ್ಮನ ಅಣ್ಣ.

ಅಂದಿನಿಂದ ಪ್ರತಿವರ್ಷ ಅದೇ ದಿನ ಕೇರಿಯವರು ಕಟ್ಟೆಯ ಮುಂದೆ ಸೇರುತ್ತಾರೆ. ಚೋಟುದ್ದ ಹಗ್ಗಕ್ಕೆ ಬೆಂಕಿ ಹಚ್ಚುತ್ತಾರೆ. ಹಚ್ಚುವವರು ಕೇರಿಯಲ್ಲಿ ಹೊಸದಾಗಿ ಡಿಗ್ರಿ ಮಾಡಿದವರು. ಆಣೆಯ ಮಾತು ಅವರು ಹೇಳಿಕೊಡಬೇಕು, ಉಳಿದವರು ಹೇಳಬೇಕು. ನಾನೂ ಹಚ್ಚಿದ್ದೇನೆ. ಪದವಿ ಪ್ರದಾನ ಸಮಾರಂಭಕ್ಕೆ ಹೋಗಲು ನನಗೆ ಬಸ್ ಚಾರ್ಜಿಗೆ ಗತಿ ಇರಲಿಲ್ಲ. ನನ್ನ ಕಾನ್ವೊಕೇಶನ್ ಆ ಕಟ್ಟೆಯ ಮುಂದೆಯೇ ಆದದ್ದು.

ಈ ವರ್ಷ ಹುಲಿಗೆಮ್ಮನ ಪಾಳಿ. ಅವಳು ಕಾರವಾರದಿಂದ ಬಂದಳು. ನಾನು ರಾಯಚೂರಿನಿಂದ ಹೋದೆ. ನನ್ನ ಜೊತೆ ಶ್ರೀಧರ ಎನ್ನುವ ಹುಡುಗ. ಮೈಸೂರು ಕಡೆಯವನು, ಸಮುದಾಯ ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾನೆ. ಬಹಿಷ್ಕಾರ ಅನುಭವಿಸಿದ ಕೇರಿಯ ಮನಸ್ಸು ವರ್ಷಗಳ ನಂತರ ಹೇಗಿರುತ್ತದೆ ಎನ್ನುವುದು ಅವನ ವಿಷಯ. ಅವನು ಪ್ರಶ್ನೆ ಕೇಳುತ್ತಾನೆ, ಬಂದ ಉತ್ತರಗಳ ಲೆಕ್ಕ ನಾನು ಮಾಡಿಕೊಡುತ್ತೇನೆ. ಒಳ್ಳೆಯ ಹುಡುಗ. ನಮ್ಮ ಮನೆಯಲ್ಲಿ ಉಂಡ. (ಇದನ್ನು ಬರೆಯಬೇಕಾಗಿ ಬಂದದ್ದೇ ನಾಚಿಕೆಯ ವಿಷಯ.)

ಕಟ್ಟೆಯ ಹತ್ತಿರ ಹೋದರೆ ಹಬ್ಬದ ಕಳೆಯಿಲ್ಲ. ಹೆಂಗಸರು ಒಂದು ಕಡೆ ಬಿಗಿಮುಖ ಮಾಡಿಕೊಂಡು ಕೂತಿದ್ದಾರೆ. ಕೇರಿಯ ಹಿರಿಯ ತಾಯಪ್ಪ ಮಾವ ನನ್ನನ್ನು ಪಕ್ಕಕ್ಕೆ ಕರೆದ.

"ಮಾಸ್ತರ, ಗೌಡರ ಎತ್ತು ಸತ್ತದ. ನಿನ್ನಿಯಿಂದ ಕಣದಾಗ ಬಿದ್ದದ."

"ಟ್ರ್ಯಾಕ್ಟರಿಗೆ ಕಟ್ಟಿ ಎಳಿತಾರಲ್ಲ ಮಾವ, ಈಗ ಎಷ್ಟ್ ವರ್ಷಾತು?"

"ಎಳಿವಲ್ಲರು. ಆಳಿನ ಕೈಯಾಗ ಹೇಳಿ ಕಳಿಸ್ಯಾರ. ನಿಮ್ಮ ಹುಡುಗಿ ಅಷ್ಟ್ ಓದಿ ಸಮುದ್ರದಾಗ ಸತ್ತದ್ದು ಕೊಯ್ತಾಳಂದ್ರ ನಿಮಗ ನಮ್ಮ ಎತ್ತು ಏನ್ ಭಾರ ಅಂತ. ಪೇಪರ್ ಗ್ವಾಡಿಗಿ ಹಚ್ಚ್ಯಾರ, ನೋಡಿಲ್ಲೇನು?"

ನೋಡಿದ್ದೆ. ಬಸ್ಸಿಳಿದಾಗಲೇ ಹೋಟೆಲ್ಲಿನ ಬಾಗಿಲಲ್ಲಿ ನಿಂತವನೊಬ್ಬ ಕೂಗಿ ತೋರಿಸಿದ್ದ: "ಏನ್ರಿ ಲೆಕ್ಚರರ್ ಸಾಹೇಬ್ರ! ಭೀಮಪ್ಪ ಸುಟ್ಟ ಹಗ್ಗಾನ ಮಗಳು ಕಾರವಾರದಾಗ ಹೊಸಿದಾಳ ನೋಡ್ರಿ!" ಒಳಗಿದ್ದವರು ನಕ್ಕರು.

ಒಂದು ಮಾತು ಕೇಳುತ್ತೇನೆ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಕಲಿಯುವ ಹುಡುಗನಿಗೆ ಇದೇ ಊರಿನಲ್ಲಿ ವರದಕ್ಷಿಣೆ ಏರುತ್ತದೆ. ಅವನ ಕೈಯಲ್ಲಿ ಇರುವುದೂ ಚಾಕುವೇ. ಅವನ ಫೋಟೋ ಹೀಗೆ ಗೋಡೆಗೆ ಹಚ್ಚಿ ಯಾರಾದರೂ ನಕ್ಕಿದ್ದಾರೆಯೇ?

ತಾಯಪ್ಪ ಮಾವ ಕೆಟ್ಟವನಲ್ಲ. ದಾರಿ ಹುಡುಕಿಕೊಂಡೇ ಬಂದಿದ್ದ. ಎಲ್ಲರೂ ಸೇರಿದ ಮೇಲೆ ಹುಲಿಗೆಮ್ಮನನ್ನು ಮುಂದೆ ಕರೆದು ನಿಧಾನಕ್ಕೆ ಕೇಳಿದ.

"ಮಗಾ, ನೀ ಕೊಯ್ದದ್ದು ಮೀನು ಹೌದಿಲ್ಲೋ? ಮೀನು ನಾವೂ ಹೊಳ್ಯಾಗಿಂದ ತರ್ತೀವಿ, ಕೊಯ್ತೀವಿ, ತಿಂತೀವಿ. ಅದಕ್ಕ ಆಣಿ ಇಲ್ಲ. ಮೀನು ಅಂತ ಹೇಳಿಬಿಡು. ನಾ ಹೋಗಿ ಗೌಡರ ಆಳಿಗಿ ಅದನ್ನ ಹೇಳ್ತೀನಿ. ಮುಗೀತು."

ಎಷ್ಟು ಸುಲಭ! ಎರಡಕ್ಷರ. ಕಾರವಾರದ ಮೀನುಗಾರರೂ ಅದನ್ನು ಮೀನು ಎಂದೇ ಕರೆಯುತ್ತಾರಂತೆ. ನಾನು ಅವಳ ಮುಖ ನೋಡಿದೆ. ಹೇಳಿಬಿಡು ಎಂದು ಕಣ್ಣಲ್ಲೇ ಬೇಡಿಕೊಂಡೆ.

ಹುಲಿಗೆಮ್ಮ ಹೇಳಿದಳು: "ಮೀನಲ್ಲ ತಾತಾ ಅದು."

"ಮತ್ತೇನು?"

"ನೀರಾಗಿದ್ರೂ ಮ್ಯಾಲ ಬಂದು ಉಸಿರಾಡ್ತದ. ತತ್ತಿ ಇಡಂಗಿಲ್ಲ, ಮರಿ ಹಾಕ್ತದ. ಮರೀಗಿ ಹಾಲು ಕುಡಿಸ್ತದ."

ಅವಳ ದನಿ ಏರಿತ್ತು. ಹೆದರಿಕೆಯಿಂದಲ್ಲ. ತನಗೆ ಪ್ರೀತಿಯ ವಿಷಯ ಹೇಳುವಾಗ ಏರುವ ದನಿ. ಕೇರಿಗೆ ಕೇರಿಯೇ ಕೇಳಿಸಿಕೊಳ್ಳುತ್ತಿತ್ತು. ಅವಳ ವಿಜ್ಞಾನಕ್ಕೆ ಅಷ್ಟು ಜನ ಹಿಂದೆಂದೂ ಕಿವಿಗೊಟ್ಟಿರಲಿಕ್ಕಿಲ್ಲ.

ಹೆಂಗಸರ ನಡುವಿನಿಂದ ಒಬ್ಬಾಕೆ ಅಂದಳು: "ಹಾಲು ಕುಡಿಸ್ತದಂದ್ರ ದನಾನ ಆತಲ್ಲ ಬೇ!"

ಗದ್ದಲ ಎದ್ದಿತು. ಗಣಿತದ ಮೇಷ್ಟ್ರು ಸುಮ್ಮನಿರಲು ಸಾಧ್ಯವೇ? ನಾನು ಎದ್ದು ನಿಂತೆ. ದನ ಹಾಲು ಕೊಡುತ್ತದೆ ಎಂದ ಮಾತ್ರಕ್ಕೆ ಹಾಲು ಕೊಡುವುದೆಲ್ಲ ದನವಾಗುವುದಿಲ್ಲ, ಮನುಷ್ಯರೂ ಹಾಲು ಕುಡಿಸುತ್ತಾರೆ ಎಂದೆ. ತರ್ಕ ಸರಿಯಾಗಿಯೇ ಇತ್ತು. ಕ್ಲಾಸಿನಲ್ಲಾದರೆ ಡಸ್ಟರ್ ಕೆಳಗಿಟ್ಟು ಕೈ ಝಾಡಿಸುತ್ತಿದ್ದೆ.

ತಾಯಪ್ಪ ಮಾವ ತಲೆಯಾಡಿಸಿದ. "ಖರೆ ಮಾಸ್ತರ. ಮನಷ್ಯಾರೂ ಕುಡಿಸ್ತಾರ. ದಿಕ್ಕಿಲ್ಲದ ಮನಷ್ಯಾರ ಹೆಣಾನೂ ನಮ್ಮ ಕೈಲೇ ಹೊರಿಸ್ಯಾರಲ್ಲ. ಅವತ್ತ ಅದನ್ನೂ ಬಿಟ್ಟೀವಿ."

ನಾನು ಕೂತೆ.

ಶ್ರೀಧರನಿಗೆ ತಡೆಯಲಾಗಲಿಲ್ಲ. "ನೋಡಿ ಅಮ್ಮಾ, ಅವರು ಮಾಡ್ತಿರೋದು ಸಂಶೋಧನೆ. ಆ ಹಳೇ ಕೆಲಸಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ," ಎಂದ.

"ಏನ್ ಮಾತಾಡ್ತದವ್ವ ಇದು, ರೇಡಿಯೋ ಮಾತಾಡಿದಂಗ!" ಎಂದು ಯಾರೋ ಅಂದರು. ನಗು. ಆಮೇಲೆ ಹುಲಿಗೆಮ್ಮನ ತಾಯಿ ತಿಮ್ಮವ್ವ ಎದ್ದು ನಿಂತಳು. ನಗು ನಿಂತಿತು. ಭೀಮಪ್ಪ ತೀರಿಕೊಂಡ ಮೇಲೆ ಆ ಆಣೆಗೆ ಅವಳೇ ಯಜಮಾನಿ.

ಅವಳು ಶ್ರೀಧರನ ಕಡೆ ತಿರುಗಿದಳು. "ನೀ ಮಾಡೋದೂ ಸಂಶೋಧನಾ ಅಂತಲ್ಲಪಾ. ಮುಂಜಾನಿಯಿಂದ ನಮ್ಮನ್ನ ಕೇಳಿ ಕೇಳಿ ಬರಕೊಂಡಿ. ಆ ಪ್ರಾಣಿ ಸತ್ತದ, ಅದಕ್ಕ ತಿಳಿಯಂಗಿಲ್ಲ. ನಾವು ಇನ್ನಾ ಬದುಕೀವಿ, ಹಗೂರಕ ಕೊಯ್ಯಿ."

ಆಮೇಲೆ ಮಗಳ ಕಡೆ.

"ನಿಮ್ಮಣ್ಣಗ ಜ್ವರ ಬಂದಾಗ ನೀ ಸಣ್ಣಾಕಿ. ಬಂಡಿ ಕೇಳಾಕ ಊರಾಗ ಹೋದೆ. ಹಗ್ಗ ಹಿಡಿ, ಬಂಡಿ ಹೂಡ್ತೀವಿ ಅಂದ್ರು. ನಾ ಹಿಡೀಲಿಲ್ಲ ಬೇ. ಕೂಸಿನ್ನ ಹೆಗಲಿಗಿ ಹಾಕ್ಕೊಂಡು ದೇವದುರ್ಗದ ದವಾಖಾನಿಗಿ ನಡದೆ. ಹಾದ್ಯಾಗ ಹೋತು."

"ಯವ್ವಾ, ಅದು ಬ್ಯಾರೆ, ಇದು..."

"ಬ್ಯಾರೆ ಇರಬಹುದು. ನೀ ಓದಿದಾಕಿ. ನನಗ ಒಂದ ತಿಳಿತದ. ಇವತ್ತು ನೀ ಹಿಡಿಬಹುದಂದ್ರ, ಅವತ್ತು ನಾನೂ ಹಿಡಿಬಹುದಿತ್ತು. ಹಿಡದಿದ್ರ ಅಂವ ಇರ್ತಿದ್ದ. ಹಿಡಿಬಹುದಿತ್ತೇನು? ನೀನ ಹೇಳು."

ಹೇಳಿ, ಓದುಗರೇ. ನಿಮ್ಮಲ್ಲಿ ಡಬಲ್ ಗ್ರಾಜುಯೇಟ್‌ಗಳಿದ್ದೀರಿ, ವಕೀಲರಿದ್ದೀರಿ. ಪ್ರತಿ ವಾರ ನನ್ನ ಅಂಕಣದಲ್ಲಿ ತಪ್ಪು ಹುಡುಕಿ ಕಾರ್ಡು ಹಾಕುವವರಿದ್ದೀರಿ. ಆ ತಾಯಿಗೆ ಏನು ಉತ್ತರ ಕೊಡುತ್ತೀರಿ? ಹಿಡಿಯಬಹುದಿತ್ತು ಎಂದರೆ ಮಗನನ್ನು ಅವಳೇ ಕೊಂದ ಹಾಗೆ. ಹಿಡಿಯಬಾರದಿತ್ತು ಎಂದರೆ ಮಗಳ ಓದು ಅಲ್ಲಿಗೆ ಮುಗಿದ ಹಾಗೆ. ಕಟ್ಟೆಯ ಮುಂದೆ ಆ ಹೊತ್ತು ಗಣಿತ, ಮನಶ್ಶಾಸ್ತ್ರ, ಜೀವಶಾಸ್ತ್ರ ಮೂರೂ ಇದ್ದವು.

ಹುಲಿಗೆಮ್ಮ ಚೋಟುದ್ದದ ಹಗ್ಗ ಕೈಗೆ ತೆಗೆದುಕೊಂಡಳು. ಕಡ್ಡಿ ಗೀರಿದಳು. ಹಗ್ಗ ಹಸಿಯಿತ್ತು, ತಟ್ಟನೆ ಹತ್ತಲಿಲ್ಲ. ಮತ್ತೆ ಗೀರಿದಳು.

"ಸತ್ತದ್ದು ಎಳಿಯಂಗಿಲ್ಲ," ಎಂದಳು. ಕೇರಿ ಹೇಳಿತು. "ಕೊಯ್ಯಂಗಿಲ್ಲ." ಕೇರಿ ಹೇಳಿತು. "ಹೊರಂಗಿಲ್ಲ." ಕೇರಿ ಹೇಳಿತು.

ಅಲ್ಲಿಗೆ ಮುಗಿಯಬೇಕಿತ್ತು. ಅವಳು ಇನ್ನೊಂದು ಮಾತು ತಾನೇ ಸೇರಿಸಿದಳು. "ಭೂಮಿದಾಗ್ಲಿ, ಸಮುದ್ರದ್ದಾಗ್ಲಿ."

ಕೇರಿ ಅದನ್ನೂ ಹೇಳಿತು. ನಾನೂ ಹೇಳಿದೆ.

ಒಂದು ಸುಳ್ಳು ಹೇಳಿದ್ದರೆ ಅವಳ ವಿಜ್ಞಾನ ಅವಳ ಹತ್ತಿರ ಉಳಿಯುತ್ತಿತ್ತು. ತನ್ನ ವಿಜ್ಞಾನದ ಮೇಲೆ ಸುಳ್ಳು ಹೇಳಲಾರದೆ ಅದನ್ನೇ ಬಿಟ್ಟುಕೊಟ್ಟಳು. ಇಂಥವಳಿಗಿಂತ ಒಳ್ಳೆಯ ಸಂಶೋಧಕಿ ಕಾರವಾರದಲ್ಲಿ ಎಷ್ಟು ಜನ ಇದ್ದಾರೋ, ನನಗೆ ಗೊತ್ತಿಲ್ಲ. ಗೌಡರ ಎತ್ತನ್ನು ಅಂದು ಸಂಜೆ ಅವರ ಆಳುಗಳೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಫೋಟೋ ಮಾತ್ರ ಗೋಡೆಯ ಮೇಲೆ ಇನ್ನೂ ಇದೆಯಂತೆ.

ಮರುದಿನ ಮೂವರೂ ಮಾನ್ವಿಗೆ ಬಂದೆವು. ನಮಗೆ ರಾಯಚೂರಿನ ಬಸ್ಸು, ಅವಳಿಗೆ ಹುಬ್ಬಳ್ಳಿಯದು. ಕಾರವಾರಕ್ಕೆ ಹೋಗಿ ಹಾಸ್ಟೆಲ್ಲಿನ ಸಾಮಾನು ತರಬೇಕು, ಗೈಡಿಗೆ ಹೇಳಬೇಕು. ಏನಂತ ಹೇಳುತ್ತಾಳೆ? ಬಸ್ ಸ್ಟ್ಯಾಂಡಿನ ತುಂಬ ಭತ್ತದ ಚೀಲಗಳು, ರೈಸ್ ಮಿಲ್ಲಿನ ತೌಡಿನ ಧೂಳು, ಸೀಟಿಗಾಗಿ ಕಿಟಕಿಯಲ್ಲಿ ಟವೆಲ್ ಎಸೆಯುವವರ ಜಗಳ.

ಶ್ರೀಧರ ತನ್ನ ಪ್ರಶ್ನಾವಳಿ ತೆರೆದ. ಅದರಲ್ಲಿ ಗುರುತು ಹಾಕಲು ಒಂದರಿಂದ ಐದರವರೆಗೆ ಮನೆಗಳಿವೆ. ಐದು ಎಂದರೆ ಪೂರ್ತಿ ಸಮಾಧಾನ. ಒಂದು ಎಂದರೆ ಏನೂ ಇಲ್ಲ.

"ಸರ್, ಆ ತಾಯಿಗೆ ಎಷ್ಟು ಹಾಕಲಿ?"

"ಖಾಲಿ ಬಿಡು," ಎಂದೆ.

"ಖಾಲಿ ಬಿಟ್ಟರೆ ನಿಮ್ಮ ಲೆಕ್ಕದಿಂದ ಅವರು ಹೊರಗೆ ಹೋಗ್ತಾರಲ್ಲ ಸರ್?"

ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂತು. ಹುಲಿಗೆಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, ತಮಾಷೆಯೋ ನಿಜವೋ ತಿಳಿಯದ ಹಾಗೆ ಕೇಳಿದಳು:

"ಕಾಕಾ, ನಿಮ್ಮ ಗಣಿತದಾಗ ಸತ್ತದ್ದೇನೂ ಇರಂಗಿಲ್ಲಲ್ಲ, ಅಲ್ಲಿ ನನಗೊಂದು ಸೀಟು ಸಿಗತದೇನು?"