ನೂರು ಡಾಲರಿನ ಬೋಣಿ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬಾಳೆದಿಂಡಿನಿಂದ ನಾರು ತೆಗೆಯುವ ಪುಟ್ಟ ಫ್ಯಾಕ್ಟರಿ ನಮ್ಮದು. ನಮ್ಮದು ಅಂದರೆ ಯಜಮಾನರದು. ನಾನು ಅಲ್ಲಿ ಸಂಬಳಕ್ಕೆ ಲೆಕ್ಕ ಬರೆಯುವವಳು. ನಮ್ಮ ನಾರು ಕೊಳ್ಳುತ್ತಿದ್ದ ವಿದೇಶಿ ಕಂಪನಿಯೇ ಹೊಸ ಮಷಿನ್ನಿಗೆ ಡಾಲರಿನಲ್ಲಿ ಸಾಲ ಕೊಡಲು ಒಪ್ಪಿತ್ತು. ಮಾರ್ಚ್ ಮುಗಿಯುವುದರೊಳಗೆ ಮಷಿನ್ ಓಡಿದರೆ ಸರ್ಕಾರದ ಸಬ್ಸಿಡಿ, ತೆರಿಗೆಯಲ್ಲೂ ರಿಯಾಯಿತಿ. ಆ ಸಬ್ಸಿಡಿ ಇಲ್ಲದೆ ಮಷಿನ್ ಕೊಳ್ಳುವ ತಾಕತ್ತು ಯಜಮಾನರಿಗೆ ಇರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ತಿ. ನರಸೀಪುರದಲ್ಲಿ ನಮ್ಮ ಅತ್ತಿಗೆ ಹಾಸ್ಟೆಲೊಂದರ ಅಡುಗೆ ಮಾಡುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದುದು ಅದರಲ್ಲೇ. ‘ಮಷಿನ್ ಬಂದ್ರೆ ನಿಂಗೆ ಇಲ್ಲೇ ಕೆಲ್ಸ ಅತ್ಗೆ, ಪಿ.ಎಫ್ ಬೇರೆ’ ಎಂದು ಆಸೆ ಹುಟ್ಟಿಸಿದೆ. ಅವಳು ಹಾಸ್ಟೆಲ್ ಬಿಟ್ಟೇಬಿಟ್ಟಳು.

ವಿದೇಶಿ ಸಾಲಕ್ಕೆ ಮೊದಲು ನೋಂದಣಿ ನಂಬರ್ ಬರಬೇಕು. ಅದು ಬರುವ ಮುಂಚೆ ಒಂದು ಡಾಲರೂ ತರಿಸುವ ಹಾಗಿಲ್ಲ. ಬ್ಯಾಂಕಿನ ಮ್ಯಾನೇಜರು ಇದನ್ನು ನನಗೆ ಎರಡೆರಡು ಸಲ ಬಿಡಿಸಿ ಹೇಳಿದ್ದರು. ಯಜಮಾನರದು ಬೇರೆಯೇ ಲೆಕ್ಕ. ಅವರದು ತಾತನ ಕಾಲದಿಂದ ಮಂಡಿ ವ್ಯಾಪಾರದ ಮನೆ. ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಂಡು ಬೋಣಿ ಆಯಿತು ಅನ್ನುವವರೆಗೂ ಯಾವ ಕೆಲಸಕ್ಕೂ ಕೈ ಹಾಕುವವರಲ್ಲ.

‘ಸೋಮ್ವಾರ ಬೆಳಿಗ್ಗೆ ಒಳ್ಳೆ ಗಳ್ಗೆ ಅದೆ ಕಣವ್ವ. ಒಂದ್ ನೂರು ಡಾಲರ್ ಬೋಣಿ ಹಾಕುಸ್ಬುಡು. ಮಿಕ್ಕಿದ್ದು ನಂಬರ್ ಬಂದ್ಮೇಲೆ ಬರ್ಲಿ.’

‘ರೂಲ್ಸ್ ಒಪ್ಪಲ್ಲ ಸಾ,’ ಎಂದೆ.

‘ಬರೀ ನೂರು ಡಾಲರ್‌ನ ಯಾರ್ ಕೇಳಾರು?’

ನಾನೂ ಮಹಾ ಬುದ್ಧಿವಂತೆ ನೋಡಿ, ಕೂತು ಆ ಕಂಪನಿಗೆ ಮೇಲ್ ಬರೆದೆ. ಸಾಲದ ಮೊದಲ ಕಂತು ಎಂದು ನಮೂದಿಸಿ ಅಂತ ನಾನೇ ಸೇರಿಸಿದೆ. ಸೋಮವಾರ ದುಡ್ಡು ಬಂತು. ಯಜಮಾನರು ಕಂಪ್ಯೂಟರಿಗೆ ವಿಭೂತಿ ಹಚ್ಚಿದರು.

ಮಂಗಳವಾರ ಬ್ಯಾಂಕಿನಿಂದ ಫೋನು. ನಂಬರಿಲ್ಲದೆ ಹಣ ತರಿಸಿದ್ದು ತಪ್ಪು. ಅರ್ಜಿ ಹಾಕಿ, ದಂಡ ಕಟ್ಟಿ, ಅದು ಇತ್ಯರ್ಥವಾಗುವ ತನಕ ಮಿಕ್ಕ ಸಾಲ ಬರುವಂತಿಲ್ಲ. ‘ಆ ನೂರು ಡಾಲರ್ ವಾಪಸ್ ಕಳಿಸ್ಬುಡ್ತೀವಿ ಸಾ’ ಅಂದರೆ ಅದಕ್ಕೂ ಅನುಮತಿ ಬೇಕಂತೆ. ಖರ್ಚು ಮಾಡುವ ಹಾಗಿಲ್ಲ, ಹಿಂದಿರುಗಿಸುವ ಹಾಗಿಲ್ಲ. ಬ್ಯಾಂಕಿಗೆ ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಯಾರ ಮೇಲೆ ರೇಗಲಿ? ಮ್ಯಾನೇಜರು ಮೊದಲೇ ಹೇಳಿದ್ದರಲ್ಲ. ಮಾರ್ಚ್ ಕಳೆಯಿತು, ಸಬ್ಸಿಡಿ ಹೋಯಿತು, ಯಜಮಾನರು ಮಷಿನ್ನಿನ ಆರ್ಡರ್ ರದ್ದು ಮಾಡಿದರು.

ಅತ್ತಿಗೆಗೆ ಹೇಳಲು ಬಸ್ಸು ಹತ್ತಿದೆ. ಹಾಸ್ಟೆಲಿನವರು ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ಅತ್ತಿಗೆ ನನ್ನನ್ನು ಉಣ್ಣಲು ಕೂರಿಸಿದಳು. ‘ಸರ್ಕಾರದ ರೂಲ್ಸಿಂದ ತಪ್ಪೋಯ್ತು ಅತ್ಗೆ’ ಎಂದಷ್ಟೇ ನನ್ನ ಬಾಯಿಂದ ಬಂತು.

‘ಓಗ್ಲಿ ಬುಡು. ನೀನೇನ್ ಮಾಡೀಯೆ ಪಾಪ, ಆ ರೂಲ್ಸೆಲ್ಲ ನಿಂಗೆಲ್ ಗೊತ್ತಿತ್ತು,’ ಎಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಗೊತ್ತಿತ್ತು ಅನ್ನಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಆ ಮುದ್ದೆಯನ್ನೂ ಉಂಡೆ.