ಟ್ರ್ಯಾಕ್ಟರ್ ನೋಡುವ ಚನ್ನಬಸಯ್ಯ

ಪೆದ್ದಕಡುಬೂರಿನ ಸುತ್ತಮುತ್ತ ಹಳೆ ಟ್ರ್ಯಾಕ್ಟರ್ ಕೊಳ್ಳುವ ಮನಸ್ಸಾದವರು ಮೊದಲು ಚನ್ನಬಸಯ್ಯನಿಗೆ ಬಿಡುವಿದೆಯೇ ಎಂದು ಕೇಳುತ್ತಾರೆ. ಬಿಡುವು ಅವನಿಗೆ ಯಾವಾಗಲೂ ಇರುತ್ತದೆ, ಆದರೂ ನೋಡಿ ಹೇಳುತ್ತೇನೆ ಅನ್ನುತ್ತಾನೆ. ಮರುದಿನ ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಯಾರದೋ ಬೈಕಿನ ಹಿಂದಿನ ಸೀಟು, ಆದೋನಿ. ಅಲ್ಲಿ ಮೊದಲು ಮಂಡಕ್ಕಿ ಒಗ್ಗರಣಿ, ನಾಲ್ಕು ಮಿರ್ಚಿ ಬಜ್ಜಿ, ಒಂದು ಚಹಾ. ಹೊಟ್ಟೆ ಖಾಲಿ ಇದ್ದರೆ ಎಂಜಿನ್ನಿನ ದನಿ ಸರಿಯಾಗಿ ಕೇಳುವುದಿಲ್ಲ ಎಂದು ಅವನೇ ಹೇಳಿರುವುದರಿಂದ ಯಾರೂ ತಕರಾರು ತೆಗೆಯುವುದಿಲ್ಲ.

ಸುಳ್ಳು ಹೇಳಬಾರದು, ಅವನಿಗೆ ವಿದ್ಯೆ ಇದೆ. ಗಾಡಿಯ ಹತ್ತಿರ ಹೋದವನೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯನ್ನು ನಾವು ಬರುವ ಮುಂಚೆಯೇ ಯಾರೋ ಒದ್ದಾಡಿ ಎಬ್ಬಿಸಿದ್ದಾರೆ ಎಂದರ್ಥ. ಹೊಸ ಬಣ್ಣವನ್ನು ಉಗುರಿನಿಂದ ಕೆರೆದು ಒಳಗಿನ ತುಕ್ಕು ತೋರಿಸುತ್ತಾನೆ. ಎಣ್ಣೆಯನ್ನು ಬೆರಳಿಗೆ ಸವರಿಕೊಂಡು ಮೂಸುತ್ತಾನೆ. ಆಮೇಲೆ "ಯಾರರ ಹತ್ತಿ ಒಂದು ಸುತ್ತು ಹೊಡೀರಿ" ಎಂದು ಹೇಳಿ, ತಾನು ಐವತ್ತು ಹೆಜ್ಜೆ ದೂರ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ನೀವೇ ಹತ್ತಿ ನೋಡಬಾರದೇ ಅಂದರೆ ಅವನ ಉತ್ತರ ಇದು: "ಮ್ಯಾಲೆ ಕುಂತವಗ ಗಾಡಿ ಸುಳ್ಳು ಹೇಳತೈತಿ. ಕೆಳಗ ನಿಂತವಗ ಹೇಳಂಗಿಲ್ಲ." ಈ ಮಾತು ಆಸ್ಪರಿ, ಕೋಸಗಿವರೆಗೂ ಹಬ್ಬಿದೆ. ಆದೋನಿಯ ದಲ್ಲಾಳಿ ಸೂರಿ, ಚನ್ನಬಸಯ್ಯ ಬರುವುದು ಕಂಡರೆ ತನ್ನ ಗಾಡಿಗಳಿಗೆ ತಾನೇ ನಾಲ್ಕು ತಪ್ಪು ಹೇಳಿಬಿಡುತ್ತಾನೆ, ಅಷ್ಟಾದರೂ ಮರ್ಯಾದೆ ಉಳಿಯಲಿ ಅಂತ.

ಈಗ ನಿಜ ಹೇಳುತ್ತೇನೆ. ಚನ್ನಬಸಯ್ಯನಿಗೆ ಟ್ರ್ಯಾಕ್ಟರ್ ಓಡಿಸಲು ಬರುವುದಿಲ್ಲ.

ಇದು ನನಗೆ ಗೊತ್ತಾದದ್ದು ನಮ್ಮಿಬ್ಬರಿಗೂ ಹದಿನೆಂಟು ವರ್ಷವಾಗಿದ್ದಾಗ. ನಮ್ಮ ಅಪ್ಪನ ಟ್ರ್ಯಾಕ್ಟರನ್ನು ನಾನು ಕದ್ದು ತಂದೆ, ಅವನು ಓಡಿಸಿದ, ನಾನು ಮಡ್‌ಗಾರ್ಡಿನ ಮೇಲೆ ಕೂತಿದ್ದೆ. ಎಡಕ್ಕೆ ತಿರುಗಿಸು ಅಂದೆ. ಬಲಕ್ಕೆ ತಿರುಗಿಸಿದ. ಬ್ರೇಕ್ ಒತ್ತು ಅಂದೆ. ಕೈ ಮುಗಿದ. ಟ್ರ್ಯಾಕ್ಟರ್ ನೇರವಾಗಿ ತಿಪ್ಪೆಗುಂಡಿಗೆ ಇಳಿದು, ನಾವಿಬ್ಬರೂ ಕುತ್ತಿಗೆವರೆಗೆ ಸಗಣಿಯಲ್ಲಿ ನಿಂತೆವು. ಆಗಲೂ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಓಡಿಸಿದವನು ನಾನೇ ಎಂದು ಅಪ್ಪನಿಗೆ ಹೇಳಿ ಒದೆ ತಿಂದೆ. ಸ್ನೇಹಕ್ಕಾಗಿ ತಿಂದೆ ಅನ್ನಬಹುದು, ಆದರೆ ಗಾಡಿ ಕದ್ದವನೂ ನಾನೇ ಆದ್ದರಿಂದ ಒದೆ ಹೇಗೂ ತಪ್ಪುತ್ತಿರಲಿಲ್ಲ. ಅವತ್ತಿನಿಂದ ಚನ್ನಬಸಯ್ಯ ಸ್ಟೀರಿಂಗ್ ಮುಟ್ಟಿಲ್ಲ, ನಾನು ಬಾಯಿ ಬಿಟ್ಟಿಲ್ಲ. ಗುಟ್ಟು ನಮ್ಮಿಬ್ಬರಲ್ಲೇ ಇದೆ ಎಂದುಕೊಂಡಿದ್ದೆವು.

ಮೂವತ್ತು ವರ್ಷ ಹೀಗೆ ಸುಖವಾಗಿ ನಡೆಯಿತು. ಕೆಡಿಸಿದ್ದು ಎಮ್ಮೆಗಳು.

ಅವನ ಹೆಂಡತಿ ಬಸಲಿಂಗಮ್ಮ ಎರಡು ಎಮ್ಮೆಯಿಂದ ಶುರುಮಾಡಿ ಒಂಬತ್ತಕ್ಕೆ ಮುಟ್ಟಿದ್ದಳು. ಆಕೆಯ ಹಾಲು ಹೋಗದಿದ್ದರೆ ಕೋಸಗಿ ರಸ್ತೆಯ ಎರಡು ಚಹಾ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಮೇವು ಬೆಳೆಯುವ ಹೊಲ ಮನೆಯಿಂದ ಎರಡು ಕಿಲೋಮೀಟರ್ ದೂರ. ಹುಲ್ಲು ತರಲು, ಗೊಬ್ಬರ ಸಾಗಿಸಲು ದುರುಗೇಶನ ಬಾಡಿಗೆ ಟ್ರ್ಯಾಕ್ಟರೇ ಗತಿ. ದುರುಗೇಶ ತನಗೆ ಮನಸ್ಸು ಬಂದಾಗ ಬರುತ್ತಿದ್ದ. ಬಂದ ದಿನ ಆಕೆಯೂ ಅದನ್ನೇ ಹತ್ತಿ ಹೊಲಕ್ಕೆ ಹೋಗುತ್ತಿದ್ದಳು. ಬಾರದ ದಿನ ಹುಲ್ಲಿನ ಹೊರೆ ಆಕೆಯ ತಲೆಯ ಮೇಲೆ.

"ಊರಿಗೆಲ್ಲಾ ಗಾಡಿ ಆರಿಸಿ ಕೊಡ್ತೀರಿ. ನಮ್ಮ ಮನಿಗೊಂದು ಆರಿಸ್ರಿ" ಎಂದಳು ಒಂದು ದಿನ. ರೊಕ್ಕ ಆಕೆಯ ಹತ್ತಿರವೇ ಇತ್ತು. ಚನ್ನಬಸಯ್ಯನಿಗೆ ತಪ್ಪಿಸಿಕೊಳ್ಳಲು ಆ ದಾರಿಯೂ ಇರಲಿಲ್ಲ.

ಗಾಡಿ ಮನೆಗೆ ಬಂದರೆ ಅದನ್ನು ಯಾರು ಓಡಿಸಬೇಕು? ಗುಟ್ಟು ಬಯಲಾದರೆ ಊರಿನ ಮುಂದೆ ಮುಖ ಎತ್ತಿ ಓಡಾಡುವುದು ಹೇಗೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಾಗಾಗಿ ಅವನು ಒಂದು ಉಪಾಯ ಹಿಡಿದ. ನೋಡುವುದು ಬಿಡಲಿಲ್ಲ, ಒಪ್ಪುವುದು ಬಿಟ್ಟ.

ಎರಡು ಬೇಸಿಗೆ ಕಳೆದವು. ಹತ್ತೊಂಬತ್ತು ಟ್ರ್ಯಾಕ್ಟರ್ ನೋಡಿದ. ಹಳೆ ಗಾಡಿ ಅಂದಮೇಲೆ ಪ್ರತಿಯೊಂದರಲ್ಲೂ ಒಂದಾದರೂ ದೋಷ ಇದ್ದೇ ಇರುತ್ತದೆ, ಅದನ್ನು ಬೆಟ್ಟ ಮಾಡಿದ. ಬರಬರುತ್ತಾ ದೋಷಗಳ ಮಟ್ಟ ಇಳಿಯಿತು. ಒಂದರ ಹೆಡ್‌ಲೈಟು ಮೆಳ್ಳಗಣ್ಣು ಅಂದ. ಇನ್ನೊಂದರ ಹಾರ್ನ್ ಅಹಂಕಾರದ್ದು ಅಂದ. ಮತ್ತೊಂದಕ್ಕೆ ಏನೂ ಸಿಗದೆ, ಇದರ ಹಳೆ ಮಾಲಕ ಇಸ್ಪೀಟು ಆಡುತ್ತಿದ್ದನಂತೆ, ಗಾಡಿಗೂ ಚಟ ಇರಬಹುದು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜನ ಮಾತ್ರ, ಆಹಾ, ಊರಿಗೆ ಒಂದು ಕಣ್ಣಾದರೆ ತನ್ನ ಮನೆಗೆ ಹತ್ತು ಕಣ್ಣು ಎಂದು ತಲೆದೂಗಿದರು.

ಬಸಲಿಂಗಮ್ಮ ಒಂದು ದಿನ ಹೊರೆ ಇಳಿಸಿ, ನನ್ನೆದುರೇ ಗಂಡನಿಗೆ ಹೇಳಿದಳು: "ನನ್ನ ನೋಡಾಕ ಬಂದಾಗ ಅವಲಕ್ಕಿ ತಿಂದು ಕೈ ತೊಳಿಯೂದ್ರೊಳಗ ಒಪ್ಪಿಬಿಟ್ರಿ. ಆವಾಗ ಹಿಂಗ ಪರೀಕ್ಷೆ ಮಾಡಿದ್ದ್ರ ನಾನರ ತಪ್ಪಿಸ್ಕಂತಿದ್ದೆ."

ಚನ್ನಬಸಯ್ಯ ನಗಲು ನೋಡಿದ. ಆಕೆ ನಗಲಿಲ್ಲ. ದುರುಗೇಶ ಬಾರದೆ ನಾಲ್ಕು ದಿನವಾಗಿತ್ತು, ಹಸಿ ಮೇವು ಸಾಲದೆ ಒಣಸೊಪ್ಪೆ ತಿಂದ ಎಮ್ಮೆಗಳ ಹಾಲು ಅರ್ಧಕ್ಕೆ ಇಳಿದಿತ್ತು, ಆಕೆಯ ಕುತ್ತಿಗೆ ಒಂದು ಕಡೆ ತಿರುಗುತ್ತಲೇ ಇರಲಿಲ್ಲ. ಯಾರನ್ನಾದರೂ ಕರೆಯುವುದಾದರೆ ಇಡೀ ಮೈ ತಿರುಗಿಸುತ್ತಿದ್ದಳು. ಅವನು ಅದನ್ನು ನೋಡಿದ್ದನ್ನು ನಾನು ನೋಡಿದೆ.

ಇಪ್ಪತ್ತನೆಯ ಗಾಡಿ ಕೋಸಗಿಯಲ್ಲಿ ಇತ್ತು. ಮಾಲಕರು ಸೇತುಮಾಧವರಾಯರು, ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಸೂರಿಯೇ ತೋರಿಸಲು ಬಂದ. ಬಸಲಿಂಗಮ್ಮ ಈ ಸಲ ತಾನೂ ಬರುತ್ತೇನೆ ಎಂದು ನನ್ನ ಬೈಕು ಹತ್ತಿದಳು. ಚನ್ನಬಸಯ್ಯ ಬಂದಿದ್ದಾನೆಂದು ತಿಳಿದು ಓಣಿಯ ಜನ ಮೂವತ್ತು ಮಂದಿ ಸೇರಿದರು.

ರಾಯರು ಟ್ರ್ಯಾಕ್ಟರ್ ಮೇಲಿನ ಹೂವಿನ ಚಾದರ ಸರಿಸಿದರು. ಒಳಗೆ ಕೆಂಪು ಗಾಡಿ, ಹೊಸ ಮದುಮಗಳ ಹಾಗೆ ನಿಂತಿತ್ತು. ಚನ್ನಬಸಯ್ಯ ಅಂಗೈ ಇಟ್ಟ. ತಣ್ಣಗಿತ್ತು. ಉಗುರಿನಿಂದ ಕೆರೆದ. ಕಂಪನಿಯ ಬಣ್ಣವೇ. ಎಣ್ಣೆ ಮೂಸಿದ. ಗಾಡಿಯ ಕೆಳಗೆ ಮಲಗಿ ನೋಡಿದ, ಎದ್ದು ಇನ್ನೊಂದು ಕಡೆಯಿಂದ ಮಲಗಿದ. ಒಂದೂವರೆ ಗಂಟೆ ಕಳೆಯಿತು. ಸೂರಿ ಸ್ಟಾರ್ಟ್ ಮಾಡಿದ, ಒಂದೇ ಸಲಕ್ಕೆ ಎದ್ದಿತು. ಚನ್ನಬಸಯ್ಯ ಕಣ್ಣು ಮುಚ್ಚಿ ಕೇಳಿದ. ಅವನ ಹಣೆಯ ಬೆವರಿಗೆ ವಿಭೂತಿ ಕರಗಿ ಮೂಗಿಗೆ ಇಳಿಯುತ್ತಿತ್ತು.

"ಹೆಂಗದ?" ಎಂದು ರಾಯರು ಕೇಳಿದರು.

ಚನ್ನಬಸಯ್ಯ ಮತ್ತೊಮ್ಮೆ ಬಾನೆಟ್ಟು ಮುಟ್ಟಿ ನೋಡಿದ. ಹತ್ತೊಂಬತ್ತು ಗಾಡಿಗಳ ಸಣ್ಣ ತಪ್ಪನ್ನು ದೊಡ್ಡದು ಮಾಡಿದ್ದು ನಿಜ, ಆದರೆ ಎಂಜಿನ್ನಿನಲ್ಲಿ ಇಲ್ಲದ ತಪ್ಪನ್ನು ಇದೆ ಎಂದು ಅವನು ಎಂದೂ ಹೇಳಿದವನಲ್ಲ. ಕೊನೆಗೆ ಹೇಳಿದ: "ಒಂದೂ ತಪ್ಪಿಲ್ರಿ. ಅದೇ ಅನುಮಾನ."

ಜನ ಮತ್ತೆ ತಲೆದೂಗಿದರು. ರಾಯರಿಗೆ ಮಾತ್ರ ಸಂತೋಷವಾಯಿತು. "ಹಂಗಾದ್ರ ಇದು ನಿಮ್ಮದೇ. ಬ್ಯಾರೆಯವ್ರಿಗೆ ಕೊಡೂದಿಲ್ಲ. ಒಂದೇ ಆಸೆ ಅದ ನೋಡ್ರಿ. ನಿಮ್ಮಂಥವ್ರು ಇದನ್ನ ಓಡಿಸೂದು ನಾನು ನೋಡಬೇಕು. ಓಣಿ ತುದಿಗೆ ಹೋಗಿ ಬರ್ರಿ."

ಚನ್ನಬಸಯ್ಯ ಕಾಲು ಉಳುಕಿದೆ ಅಂದ. ಯಾವ ಕಾಲು ಎಂದು ಸೂರಿ ಕೇಳಿದ್ದಕ್ಕೆ ಎರಡೂ ಅಂದ. ಇವತ್ತು ಸೋಮವಾರ, ಸೋಮವಾರ ಕಬ್ಬಿಣ ಮುಟ್ಟುವುದಿಲ್ಲ ಅಂದ. ಇವತ್ತು ಬುಧವಾರ ಎಂದು ಓಣಿಯ ಜನ ಒಟ್ಟಾಗಿ ಹೇಳಿದರು. ಅವನು ನನ್ನ ಕಡೆ ನೋಡಿದ. ನಾನು ಮೊಬೈಲ್ ನೋಡಿದೆ, ಮೂವತ್ತು ವರ್ಷದ ಹಿಂದೆ ತಿಂದ ಒದೆ ನನಗೆ ಸಾಕಾಗಿತ್ತು. ಆಮೇಲೆ ಅವನು ಹೆಂಡತಿಯ ಕಡೆ ನೋಡಿದ. ಪಕ್ಕದಲ್ಲಿ ನಿಂತ ಗಂಡನ ಮುಖ ನೋಡಲು ಆಕೆ ಇಡೀ ಮೈ ತಿರುಗಿಸಿದಳು.

"ನನಗ ಓಡಿಸಾಕ ಬರಂಗಿಲ್ಲ" ಎಂದ ಚನ್ನಬಸಯ್ಯ. "ಎಂದೂ ಬಂದಿಲ್ಲ. ಅದಕ್ಕ ಎರಡು ವರ್ಷ ಒಂದೂ ಒಪ್ಪಲಿಲ್ಲ. ತಪ್ಪು ಗಾಡಿಗಳದ್ದಲ್ಲ, ನಂದು."

ಬಸಲಿಂಗಮ್ಮ ಸೆರಗಿನಿಂದ ಅವನ ಮೂಗಿನ ಮೇಲಿನ ವಿಭೂತಿ ಒರೆಸಿದಳು. "ಅದು ನನಗ ಲಗ್ನ ಆದ ವರ್ಷದಿಂದ ಗೊತ್ತೈತಿ. ಗಾಡಿ ತಗೊಳ್ಳೂದೋ ಬ್ಯಾಡೋ ಅದನ್ನ ಹೇಳ್ರಿ."

ಸೂರಿಯ ಮುಖ ನೋಡಬೇಕಿತ್ತು. ಎಷ್ಟೋ ವರ್ಷದಿಂದ ಈ ಮನುಷ್ಯನಿಗೆ ಹೆದರಿ ಬಾಳಿದವನು ಅವನು. "ಓಡಿಸಾಕೇ ಬರಂಗಿಲ್ಲ?" ಎಂದು ನಗಲು ಶುರುಮಾಡಿದ. ಅವನ ಜೊತೆ ಇನ್ನೂ ನಾಲ್ಕಾರು ಮಂದಿ ನಕ್ಕರು. ಚನ್ನಬಸಯ್ಯ ತಲೆ ತಗ್ಗಿಸಿ ನಿಂತ. ನನಗೆ ಎಷ್ಟು ಕೆಟ್ಟದೆನಿಸಿತು ಎಂದರೆ ಸೂರಿಯ ಕಾಲರ್ ಹಿಡಿಯಲು ಒಂದು ಹೆಜ್ಜೆ ಇಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ರಾಯರ ಹೆಂಡತಿ ಜಯಾಬಾಯಿ, "ಅದರಾಗ ನಗೂದೇನದ? ನಮ್ಮನಿಯವ್ರಿಗೂ ಬರೂದಿಲ್ಲ" ಎಂದರು.

ರಾಯರು, "ಏ, ಸುಮ್ಮನಿರು" ಎಂದರು.

"ಯಾಕ ಸುಮ್ಮನಿರಬೇಕು? ಅಳಿಯ ಬಂದಾಗ ಹೊಲ ಉಳತಾನ. ಉಳಿದ ದಿನ ಇವರು ಮುಂಜಾನೆ ಎದ್ದು ಒರಸತಾರ, ಸೀಟಿನ ಮ್ಯಾಲೆ ಕೂತು ಕಾಫಿ ಕುಡದು ಪೇಪರ್ ಓದತಾರ. ನನಗ ಹಪ್ಪಳ ಒಣಗಿಸಲಿಕ್ಕೆ ಅಂಗಳದಾಗ ಜಾಗ ಇಲ್ಲ."

ಈಗ ಓಣಿ ಪೂರ್ತಿ ನಕ್ಕಿತು, ರಾಯರೂ ನಕ್ಕರು. ಚನ್ನಬಸಯ್ಯನೊಬ್ಬ ನಗದೆ, ಗಾಡಿ ಇಷ್ಟು ಚೆನ್ನಾಗಿರುವುದಕ್ಕೆ ಕಾರಣ ಈಗ ತಿಳಿಯಿತು ಎಂದು ಗಂಭೀರವಾಗಿ ಹೇಳಿ, "ತಗೊಳ್ಳೋಣು" ಎಂದ.

ಆದರೆ ಊರಿಗೆ ಒಯ್ಯುವುದು ಹೇಗೆ? ಸೂರಿ ಡ್ರೈವರ್‌ಗೆ ಫೋನ್ ಮಾಡಲು ಹೊರಟ. ಬಸಲಿಂಗಮ್ಮ ಕೈಚೀಲ ನನಗೆ ಕೊಟ್ಟು, ಸೀರೆ ಮೇಲೆತ್ತಿ ಕಟ್ಟಿಕೊಂಡು ಸೀಟು ಹತ್ತಿದಳು. ಹೊಲಕ್ಕೆ ಹೋಗುವ ದಾರಿಯಲ್ಲಿ ಫೋನ್ ಬಂದಾಗಲೆಲ್ಲ ದುರುಗೇಶ ಆಕೆಯ ಕೈಗೆ ಸ್ಟೀರಿಂಗ್ ಕೊಡುತ್ತಿದ್ದನಂತೆ. ದುರುಗೇಶನಿಗೆ ಫೋನ್ ಬಹಳ. ಆಕೆ ಓಣಿಯ ತುದಿಗೆ ಹೋಗಿ, ಜಾಲಿ ಗಿಡದ ಹತ್ತಿರ ಹಿಂದೆ ಮುಂದೆ ಮಾಡಿ ತಿರುಗಿಸಿಕೊಂಡು ಬಂದಳು. ರಾಯರು ಕಣ್ಣು ತುಂಬ ನೋಡಿದರು.

ಊರವರೆಗೂ ಆಕೆಯೇ ಓಡಿಸಿದಳು. ಚನ್ನಬಸಯ್ಯ ಮಡ್‌ಗಾರ್ಡಿನ ಮೇಲೆ, ನಾನು ಬೈಕಿನಲ್ಲಿ ಹಿಂದೆ. ಪೆದ್ದಕಡುಬೂರಿನ ಕಟ್ಟೆಯ ಮೇಲೆ ಜನ ಕಾಯುತ್ತಿರುವುದು ಕಂಡಾಗ ಆಕೆ ಗಾಡಿ ನಿಲ್ಲಿಸಿದಳು.

"ಬರ್ರಿ, ಸೀಟಿನ ಮ್ಯಾಲೆ ನೀವು ಕುಂದ್ರಿ. ನಾನು ಬಾಜೂಕ ನಿಂತು ತಿರುವತೀನಿ. ನೋಡವ್ರಿಗೆ ನೀವ ಓಡಿಸಿದಂಗ ಕಾಣತೈತಿ."

ಚನ್ನಬಸಯ್ಯ ಕಟ್ಟೆಯ ಕಡೆ ನೋಡಿದ. ಅಲ್ಲಿದ್ದವರಲ್ಲಿ ಅವನ ಮಾತು ನಂಬಿ ಗಾಡಿ ಕೊಂಡವರೇ ಹೆಚ್ಚು. "ಬ್ಯಾಡ. ನೀನ ನಡಸು" ಎಂದ.

ಕಟ್ಟೆಯ ಹತ್ತಿರ ಬಂದಾಗ ಯಾರೂ ಕೇಳುವ ಮೊದಲೇ, "ನಮ್ಮಾಕಿ ಓಡಿಸ್ಯಾಳ, ಕೋಸಗಿಯಿಂದ" ಎಂದ. ಮುಂದಿನ ಮನೆಯ ಮುಂದೆಯೂ ಹೇಳಿದ. ಹುಸೇನಮ್ಮನ ಅಂಗಡಿಯ ಮುಂದೆ ಗಾಡಿ ನಿಲ್ಲಿಸು ಅಂದು, ಅಲ್ಲಿಯೂ ಹೇಳಿದ. ನಾಚಿಕೆಯಾಗಿ ಬಸಲಿಂಗಮ್ಮ, "ಸಾಕು, ಬಾಯಿ ಮುಚ್ರಿ" ಎಂದಳು. ಅವನು ಮುಚ್ಚಲಿಲ್ಲ. ಮನೆಯವರೆಗೆ ಇದ್ದ ಇಪ್ಪತ್ತೇಳು ಬಾಗಿಲಿಗೂ ಹೇಳುತ್ತಲೇ ಹೋದ.