ಭಾನುವಾರದ ಕೈಮಾತು ಕಾಯುವ ಸಂಘಮಿತ್ರ

ಗೌರಿಬಿದನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿವಿ ಕೇಳದ ಮಕ್ಕಳ ಹಾಸ್ಟೆಲೊಂದರ ಮೆಟ್ಟಿಲ ಕೆಳಗೆ ಸ್ಟೂಲ್ ಹಾಕಿಕೊಂಡು ನಿಂತ ಸಂಘಮಿತ್ರ, ಗೋಡೆಗೆ ಬಿಗಿದ ಕಪ್ಪು ಡಬ್ಬಿಯೊಂದರ ದೂಳು ಒರೆಸುತ್ತಿದ್ದಾರೆ. ತೊಂಡೇಬಾವಿಯಿಂದ ಬೆಳಗಿನ ರೈಲಿಗೇ ಬಂದಿದ್ದಾರೆ, ತಂದ ಚಿತ್ರಾನ್ನದ ಮುಚ್ಚಳ ಕೂಡ ತೆಗೆದಿಲ್ಲ. ಹಿಂದೆ ಮೂವರು ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಪ್ರಶ್ನೆ: ಇವತ್ತು ಅಮ್ಮ ಕಾಣ್ತಾಳಾ? ಸಂಘಮಿತ್ರ ಸ್ಟೂಲ್ ಮೇಲಿಂದಲೇ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಬಾಯಿ ತೊಳೆಯುವುದನ್ನೂ ಮರೆತು ಮೂವರೂ ಓಡುತ್ತಾರೆ.

ಭಾನುವಾರ ಹತ್ತು ಗಂಟೆಗೆ ಇಲ್ಲಿನ ಮಕ್ಕಳು ಮನೆಯವರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಮಾತೆಲ್ಲ ಕೈಸನ್ನೆಯಲ್ಲಿ. ನಮ್ಮ ಮನೆಗಳಲ್ಲಿ ಚಿತ್ರ ನಿಂತುಹೋದರೆ ‘ವಿಡಿಯೊ ಆಫ್ ಮಾಡು, ಹಂಗೇ ಮಾತಾಡು’ ಅನ್ನುತ್ತೇವೆ. ಇಲ್ಲಿ ಚಿತ್ರ ನಿಂತರೆ ಮಾತೇ ನಿಂತಂತೆ. ಇಷ್ಟು ಸರಳ ಸಂಗತಿ ಈ ಮೆಟ್ಟಿಲ ಕೆಳಗೆ ಬಂದು ಕೂರುವವರೆಗೂ ನನ್ನ ತಲೆಗೆ ಹೊಳೆದಿರಲೇ ಇಲ್ಲ ಅನ್ನಿ!

ಸಂಘಮಿತ್ರ ಅವರಿಗೆ ಇಪ್ಪತ್ತೆಂಟು. ತಂದೆ ಕೋನಪ್ಪ ರೈಲು ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಡಿಪ್ಲೊಮಾ ಮುಗಿಸಿದ ಮಗಳು ಕೇಬಲ್ ಎಳೆಯಲು ಏಣಿ ಹತ್ತಿದಾಗ ಊರಿನವರು ಕತ್ತೆತ್ತಿ ನೋಡಿ ನಕ್ಕರಂತೆ. ‘ನಗ್ಲಿ ಬಿಡಿ ಸಾರ್, ಏಣಿ ಹಿಡ್ಕೊಳ್ಳೋಕೆ ಒಬ್ರೂ ಬರ್ಲಿಲ್ಲ, ಅದೇ ಸಿಟ್ಟು’ ಎನ್ನುತ್ತಾರೆ. ಈಗ ಈ ಭಾಗದ ನಲವತ್ತು ಕಡೆಯ ನೆಟ್ ಅವರದೇ ಜವಾಬ್ದಾರಿ. ಔಷಧಿ ಅಂಗಡಿ, ಬೀಜದಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಎಲ್ಲ ಕಡೆಯೂ ಒಂದೇ ರಾಗ: ‘ಆ ಫೈರ್‌ವಾಲ್ ಕಿತ್ತು ಬಿಸಾಕಮ್ಮ, ನೆಟ್ ತಾನೇ ಓಡುತ್ತೆ.’

ಹಾಗಾದರೆ, ಮೆಟ್ಟಿಲ ಕೆಳಗಿನ ಆ ಕಪ್ಪು ಡಬ್ಬಿಯಂತೆ ನೆಟ್‌ನಲ್ಲಿ ಬಂದುಹೋಗುವುದನ್ನೆಲ್ಲ ತಪಾಸಣೆ ಮಾಡುವ ಫೈರ್‌ವಾಲ್ ನೆಟ್‌ನ ವೇಗ ತಿನ್ನುವುದು ನಿಜವೇ? ‘ತಿನ್ನುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ? ಬಸ್ಸಲ್ಲಿ ಚೆಕಿಂಗ್ ಹತ್ತಿದಂಗೆ ಅದು. ಟಿಕೆಟ್ ಮಾತ್ರ ನೋಡಿದ್ರೆ ಬಸ್ಸಿಗೆ ಗೊತ್ತೂ ಆಗಲ್ಲ. ಒಬ್ಬೊಬ್ಬರ ಚೀಲನೂ ಬಿಚ್ಚಿ ನೋಡ್ತೀನಿ ಅಂದ್ರೆ ಚಿಂತಾಮಣಿ ಸೇರೋಷ್ಟರಲ್ಲಿ ಸಂಜೆ ಆಗುತ್ತೆ.’

ಈ ಹಾಸ್ಟೆಲಿನಲ್ಲಿ ಚೀಲ ಬಿಚ್ಚಿ ನೋಡಲೇಬೇಕಾದ ಕಾರಣವಿತ್ತು. ಕಳೆದ ವರ್ಷ ಯಾರೋ ಅಪರಿಚಿತ, ‘ನಾನು ನಿಮ್ಮ ಮಾವ’ ಎಂದು ಹೇಳಿಕೊಂಡು ಇಲ್ಲಿನ ಕಂಪ್ಯೂಟರಿನ ಮೂಲಕ ಹುಡುಗಿಯರಿಗೆ ಮೆಸೇಜು ಕಳಿಸತೊಡಗಿದ್ದ. ವಾರ್ಡನ್ ಅಮ್ಮಾಜಮ್ಮನ ಕಣ್ಣಿಗೆ ಬೇಗನೆ ಬಿತ್ತು, ಪುಣ್ಯ. ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿ ಬಿಗಿ ತಪಾಸಣೆ ಬಂತು. ಸಂಘಮಿತ್ರ ಹೆದರಿಕೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಕಂಪ್ಯೂಟರಿಗೂ ಇನ್ನೊಂದು ಫೈರ್‌ವಾಲ್ ಹಾಕಿದರು. ಒಂದೇ ಚೀಲವನ್ನು ಬಾಗಿಲಲ್ಲೊಬ್ಬ, ಒಳಗೊಬ್ಬ ಬಿಚ್ಚಿದಂತಾಯಿತು.

ಅಲ್ಲಿಂದ ಭಾನುವಾರಗಳು ಕೆಟ್ಟವು. ಚಿತ್ರ ನಿಂತು ನಿಂತು ಬರುತ್ತಿದೆ ಎಂದು ಅಮ್ಮಾಜಮ್ಮ ಹೇಳಿದಾಗಲೆಲ್ಲ ಸಂಘಮಿತ್ರ ಬಂದು, ಹಾಸ್ಟೆಲಿನ ನೆಟ್‌ನಿಂದಲೇ ತಮ್ಮ ಮನೆಗೆ ಕರೆ ಮಾಡಿ, ‘ಹಲೋ ಅಮ್ಮ, ಕೇಳ್ಸ್ತಾ ಇದೆಯಾ?’ ಅನ್ನುವರು. ತೊಂಡೇಬಾವಿಯಿಂದ ಅಮ್ಮನ ದನಿ ಗಂಟೆ ಹೊಡೆದಂತೆ ಕೇಳಿಸುವುದು. ನೆಟ್ ಚೆನ್ನಾಗಿದೆ ಎಂದು ಹೇಳಿ ಹೊರಡುವರು.

‘ನೋಡಿ ಸಾರ್ ನನ್ನ ಬುದ್ಧಿ! ಕಿವಿ ಕೇಳದ ಮಕ್ಕಳ ನೆಟ್ಟನ್ನ ಕಿವಿಯಲ್ಲಿ ಪರೀಕ್ಷೆ ಮಾಡ್ದೆ. ದನಿ ಅನ್ನೋದು ಹಗುರ, ಎಂಥ ಇಕ್ಕಟ್ಟಲ್ಲೂ ನುಸುಳ್ಕೊಂಡು ಹೋಗುತ್ತೆ. ವಿಡಿಯೊ ಭಾರ. ಅದು ಈ ಫೈರ್‌ವಾಲ್ ಗೋಡೆ ಹತ್ರ ಕ್ಯೂ ನಿಂತ್ಬಿಟ್ಟಿತ್ತು.’

ಒಂದು ಗುರುವಾರ ವೆಂಕಟರತ್ನಮ್ಮ ಬಂದರು. ಮುರುಗಮಲ್ಲದ ಆಚೆಯ ಹಳ್ಳಿಯವರು, ಒಂಬತ್ತು ವರ್ಷದ ಸೌಜನ್ಯಳ ತಾಯಿ. ತಾಯಿಗೂ ಕಿವಿ ಕೇಳಿಸದು. ಬಂದವರೇ ಮಗಳ ಟ್ರಂಕಿಗೆ ಬಟ್ಟೆ ತುಂಬತೊಡಗಿದರು. ಆಮೇಲೆ ಮಗುವಿನ ಎರಡೂ ಕೈ ಹಿಡಿದು, ಅಂಗೈ, ಗೆಣ್ಣು, ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಅವರ ಸನ್ನೆಯನ್ನು ಅಮ್ಮಾಜಮ್ಮ ಬಾಯಲ್ಲಿ ಹೇಳುತ್ತಾ ಹೋದರು: ‘ಮಗು ಕೈ ಎತ್ತುತ್ತೆ, ಅರ್ಧಕ್ಕೇ ನಿಲ್ಲುತ್ತೆ. ಪ್ರತಿ ವಾರ. ಯಾರು ಹಿಡ್ಕೊಳ್ತಾರೆ ನನ್ ಮಗಳ ಕೈನ?’

ವೆಂಕಟರತ್ನಮ್ಮ ಚಿಕ್ಕವರಿದ್ದಾಗ, ಸನ್ನೆ ಮಾಡಿದರೆ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತಂತೆ. ಒಮ್ಮೆ ಕೈ ಹಿಂದಕ್ಕೆ ಕಟ್ಟಿ ಕೂರಿಸಿದ್ದರಂತೆ. ಶಾಲೆ ಅಂದರೆ ಅವರಿಗೆ ಅದೇ. ಯಾರೂ ಹಿಡಿಯುವುದಿಲ್ಲ ಎಂದು ಸೌಜನ್ಯ ಅಳುತ್ತಾ ತಲೆಯಾಡಿಸಿದಳು. ಹೆದರಿದ ಮಗು ಇನ್ನೇನು ಹೇಳುತ್ತದೆ ಎಂದು ತಾಯಿ ನಂಬಲಿಲ್ಲ.

‘ಅಯ್ಯೋ ದೇವುಡಾ, ಏನು ಹೇಳಿ ಒಪ್ಪಿಸ್ಲಿ ನಾನು?’ ಎಂದು ಅಮ್ಮಾಜಮ್ಮ ಆ ದಿನವನ್ನು ಈಗಲೂ ನೆನೆಯುತ್ತಾರೆ. ಅಲ್ಲೇ ಕೇಬಲ್ ಸುತ್ತುತ್ತಾ ನಿಂತಿದ್ದ ಸಂಘಮಿತ್ರ ಮುಂದೆ ಬಂದು, ‘ಅವಳ ಕೈ ಹಿಡ್ದಿದ್ದು ನಾನು ಅಂತ ಹೇಳಿ ಅಮ್ಮಾಜಮ್ಮ’ ಎಂದರು. ಡಬ್ಬಿ ತೋರಿಸಿ, ನಿಲ್ಲುವುದು ಮಗುವಿನ ಕೈಯಲ್ಲ, ಚಿತ್ರ ಎಂದು ತಿಳಿಸಿ, ಒಂದು ಭಾನುವಾರ ಕೊಡಿ ಎಂದು ಕೇಳಿಕೊಂಡರು. ತಾಯಿ ಟ್ರಂಕಿನ ಬಟ್ಟೆ ತೆಗೆಯಲಿಲ್ಲ. ಭಾನುವಾರ ಮತ್ತೆ ಕೈ ನಿಂತರೆ ಬಂದು ಕರೆದೊಯ್ಯುತ್ತೇನೆ ಎಂದು ಹೊರಟರು.

ಆ ಮೂರು ದಿನ ಸಂಘಮಿತ್ರ ಕರೆ ಮಾಡಿ ಹಲೋ ಅನ್ನಲಿಲ್ಲ. ಸೌಜನ್ಯಳನ್ನೇ ಕ್ಯಾಮೆರಾ ಮುಂದೆ ಕೂರಿಸಿ, ತಾವು ಪಕ್ಕದ ಬೀದಿಯಿಂದ ಫೋನಿನಲ್ಲಿ ಅವಳ ಬೆರಳು ನೋಡಿದರು. ಫೈರ್‌ವಾಲ್ ಗೋಡೆಯ ಹೊರಗೆ ಐವತ್ತು ಎಂಬಿಪಿಎಸ್ ಇದ್ದ ನೆಟ್‌ನ ವೇಗ ಮಕ್ಕಳ ಕಂಪ್ಯೂಟರಿಗೆ ಬರುವಷ್ಟರಲ್ಲಿ ನಾಲ್ಕು! ತಾವೇ ಹಾಕಿದ್ದ ಎರಡನೇ ಫೈರ್‌ವಾಲ್ ತೆಗೆದರು. ವೇಗ ಹನ್ನೆರಡಾಯಿತು. ಆರು ಮಕ್ಕಳು ಒಟ್ಟಿಗೆ ಕೂತರೆ ಮತ್ತೆ ತಡವರಿಕೆ. ಭಾನುವಾರ ಎರಡು ಗಂಟೆ ಡಬ್ಬಿಯ ತಪಾಸಣೆಯನ್ನೇ ಆಫ್ ಮಾಡಿಬಿಡೋಣ ಎಂದು ಎಲ್ಲರೂ ಹೇಳಿದರು. ‘ಆಗಲ್ಲ ಅಂದೆ ಸಾರ್. ಆ ಮಾವ ಅಂದ್ಕೊಂಡು ಬಂದೋನಿಗೆ ಎರಡು ಗಂಟೆ ಬೇಕಾ? ಎರಡು ನಿಮಿಷ ಸಾಕು.’

ಅವರು ಕಂಡುಕೊಂಡ ದಾರಿ ಇದು. ಕರೆಯ ಆ್ಯಪ್‌ನಲ್ಲಿ ಮನೆಯವರ ನಂಬರುಗಳನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಬೀಗ. ಆ ಒಂದು ಆ್ಯಪ್‌ನ ಚೀಲವನ್ನು ಮಾತ್ರ ಡಬ್ಬಿ ಬಿಚ್ಚಿ ನೋಡದೆ ಬಿಡಬೇಕು. ಉಳಿದದ್ದಕ್ಕೆಲ್ಲ ತಪಾಸಣೆ ಹಾಗೆಯೇ.

ಆ ಭಾನುವಾರ ತೆರೆಯ ಮೇಲೆ ಬಂದ ವೆಂಕಟರತ್ನಮ್ಮ ಹೇಗಿದ್ದೀ ಎಂದೂ ಕೇಳಲಿಲ್ಲ. ಕೈ ತೋರಿಸು ಎಂದರು. ಸೌಜನ್ಯ ಎರಡೂ ಕೈ ಎತ್ತಿ, ಹತ್ತೂ ಬೆರಳು ಆಡಿಸಿದಳು. ಬೆರಳು ಆಡುತ್ತಲೇ ಇದ್ದವು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರಂತೆ. ಅಮ್ಮಾಜಮ್ಮ ಟ್ರಂಕಿನ ಬಟ್ಟೆಗಳನ್ನೆಲ್ಲ ತೆಗೆದು ಗೂಡಿಗೆ ಜೋಡಿಸಿದರು.

ಇವತ್ತು ಹತ್ತು ಗಂಟೆಗೆ ಅದೇ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೇನೆ. ಅಬ್ಬಾ, ಆ ಕೈಗಳು! ಆರು ಮಕ್ಕಳು, ಆರು ತೆರೆ, ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ. ಹೊಸ ಸ್ವೆಟರ್ ಕಳೆದುಕೊಂಡ ಸೌಜನ್ಯಳಿಗೆ ತಾಯಿಯಿಂದ ಮಂಗಳಾರತಿ ನಡೆಯುತ್ತಿದೆ. ಇವಳೂ ಬಿಡುತ್ತಿಲ್ಲ. ಒಬ್ಬರ ಸನ್ನೆ ಮುಗಿಯುವ ಮುಂಚೆ ಇನ್ನೊಬ್ಬರದು. ನನ್ನ ಕಣ್ಣಿಗೆ ಒಂದೂ ನಿಲುಕುತ್ತಿಲ್ಲ.

‘ಇಷ್ಟು ಜಗಳ ಆಡ್ತಿದ್ದಾರಲ್ಲ, ಬಿಡಿಸಬೇಕಲ್ವಾ?’ ಎಂದು ಕೇಳುತ್ತೇನೆ.

‘ಸುಮ್ನಿರಿ ಸಾರ್’ ಎನ್ನುತ್ತಾರೆ ಸಂಘಮಿತ್ರ, ತೆರೆಯಿಂದ ಕಣ್ಣು ಕೀಳದೆ. ‘ಮುಂಚೆ ಊಟ ಆಯ್ತಾ, ಹುಷಾರಾಗಿದ್ದೀಯಾ, ಅಷ್ಟೇ ಆಗ್ತಿತ್ತು, ಅದೂ ಅರ್ಧಂಬರ್ಧ. ಜಗಳ ಆಡೋಕೆ ಸ್ಪೀಡ್ ಬೇಕು. ಆಡ್ಲಿ ಬಿಡಿ.’